ಕೊತ್ತಂಬರಿ ಹೂವಿನ ಮೇಲೆ ವೇಷಭಂಜಕ

"ಯಾವ ಹುಳವೇ ಬರಲಿ ವಿಶಾಲು, ಇದರ ಮುಂದೆ ವೇಷ ನಡೆಯಲ್ಲ!" ಎಂದು ಪುಟ್ಟಸ್ವಾಮಯ್ಯ ಎದೆಯುಬ್ಬಿಸಿದರು.

ವಿಶಾಲುವಿನ ಅಕ್ಕನ ಗಂಡ ಅವರು. ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದ ಮೇಲೆ ಮನೆಯ ಒಂದು ಫ್ಯಾನನ್ನೂ ನೆಮ್ಮದಿಯಾಗಿ ತಿರುಗಗೊಟ್ಟವರಲ್ಲ. ಈಗ ಕೈಯಲ್ಲಿದ್ದದ್ದು ತಾವೇ ಜೋಡಿಸಿದ, ಕೊಳವೆ ಮೂತಿಯ, ಮಾತಾಡುವ ಡಬ್ಬಿ. ಹೆಸರು ವೇಷಭಂಜಕ!

ವಿಶಾಲುವಿಗೆ ತನ್ನ ಗಿಡಗಳದೇ ಚಿಂತೆ. ಬೀಜಕ್ಕೆಂದು ಬಿಟ್ಟಿದ್ದ ಅವಳ ಕೊತ್ತಂಬರಿ ಮಡಿಯಲ್ಲಿ ಹಳದಿ ಪಟ್ಟೆಯ ಹುಳಗಳು ಸುಳಿದಾಡುತ್ತಿದ್ದವು. "ಜೇನುಹುಳ ಕಣಮ್ಮ, ಕಚ್ಚಿದ್ರೆ ಯಾರು ಜವಾಬ್ದಾರಿ?" ಎಂದು ಮಹಡಿಯ ಮೇಲಿನ ಓನರ್ ನಂಜುಂಡಾರಾಧ್ಯರು ಔಷಧಿ ಹೊಡೆಯುವ ಮಾದಪ್ಪನನ್ನು ಕರೆಸಿ, ತಾವೂ ಇಳಿದು ಬಂದು ಮಡಿಯ ಪಕ್ಕ ನಿಂತಿದ್ದರು.

ಆದರೆ ಮೂರು ದಿನದಿಂದ ಅವಳು ನೋಡುತ್ತಲೇ ಇದ್ದಳು. ಆ ಹುಳ ಗಾಳಿಯಲ್ಲಿ ದಾರ ಕಟ್ಟಿ ತೂಗುಬಿಟ್ಟಂತೆ ನಿಲ್ಲುತ್ತಿತ್ತು, ಚಕ್ಕನೆ ಪಕ್ಕಕ್ಕೆ ಸರಿದು ಮತ್ತೆ ನಿಲ್ಲುತ್ತಿತ್ತು. ಜೇನು ಹೀಗೆ ಮಾಡುತ್ತದೆಯೇ?

ಭಾವ ಗುಂಡಿ ಒತ್ತಿದರು. ಡಬ್ಬಿ ಕೂಗಿತು:

"ಜೇನಲ್ಲ! ನೊಣ! ರೆಕ್ಕೆ ಎರಡೇ. ಕೊಂಡಿ ಇಲ್ಲ. ಪಟ್ಟೆ ಬರೀ ವೇಷ!"

ಹೂವಿನ ಮೇಲೆ ಕೂತಿದ್ದ ಒಂದರತ್ತ ವಿಶಾಲು ಬಗ್ಗಿದಳು. ಹೌದಲ್ಲ, ಎರಡೇ ರೆಕ್ಕೆ! ಮುಖದ ತುಂಬ ಕಣ್ಣು! "ಅಬ್ಬಾ, ಎಂಥಾ ಕಿಲಾಡಿ ನೀನು!" ಎಂದು ಅವಳಿಗೆ ಮುದ್ದು ಉಕ್ಕಿಬಂತು.

"ಇನ್ನು ಡಬ್ಬಿ ಆಫ್ ಮಾಡಿ ಭಾವ."

"ಗುಂಡಿ ಕಿತ್ತು ಕೈಗೇ ಬಂತಲ್ಲೇ!"

ಡಬ್ಬಿಯ ಮೂತಿ ಕಟ್ಟೆಯ ಮೇಲಿದ್ದ ಭಾವನ ಕಾಫಿ ಲೋಟಕ್ಕೆ ತಿರುಗಿತು. "ಫಿಲ್ಟರ್ ಕಾಫಿ ಅಲ್ಲ! ದಿಢೀರ್ ಪುಡಿ!"

ಭಾವ ಬಿಳಚಿಕೊಂಡರು. "ವಿಶಾಲು... ಇಷ್ಟು ವರ್ಷ?"

"ಈಗ ಅದೆಲ್ಲ ಯಾಕೆ, ಮೊದಲು ಬಾಯಿ ಮುಚ್ಚಿಸಿ ಅದರದ್ದು!"

ಮೂತಿ ಓನರ್ ಕಡೆ ಹೊರಳಿತು. "ಕೂದಲು ಬರೀ ವೇಷ! ಒಳಗೆ ಬೋಳು!"

ಆರಾಧ್ಯರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಕೆಂಡಾಮಂಡಲವಾದರು. "ನೊಣವೋ ಜೇನೋ, ಒಂದೂ ಉಳೀಬಾರ್ದು! ಹೊಡಿಯಯ್ಯ ಮಾದಪ್ಪ!"

ಮಾದಪ್ಪ ಬೆನ್ನಿಗೆ ಡ್ರಮ್ಮು ಏರಿಸಿ ಬಂದ. ವಿಶಾಲು ಕೈ ಅಗಲಿಸಿ ಮಡಿಗೆ ಅಡ್ಡ ನಿಂತಳು. "ಪಾಪದ ಹುಳ ಸಾರ್, ಯಾರಿಗೂ ಏನೂ ಮಾಡಲ್ಲ!" ಎಂದು ಕಣ್ಣೀರಿಟ್ಟು ಅಂಗಲಾಚಿದಳು.

ಡಬ್ಬಿ ಡ್ರಮ್ಮಿಗೆ ಮೂತಿಯಿಟ್ಟು ಅರಚಿತು: "ಔಷಧಿ ಅಲ್ಲ! ನಲ್ಲಿ ನೀರು! ಬಣ್ಣ ಬರೀ ವೇಷ!" ಅಷ್ಟು ಹೇಳಿ, ಹೊಗೆ ಬಿಟ್ಟು, ಸುಮ್ಮನಾಯಿತು.

ಮಾದಪ್ಪ ತಲೆ ಕೆರೆದುಕೊಂಡ. "ಏನ್ಮಾಡ್ಲಿ ಸಾರ್, ಔಷಧಿ ಮುಟ್ಟಿದ್ರೆ ನಂಗೆ ಮೈಯೆಲ್ಲ ತುರಿಕೆ."

"ಹಂಗಾದ್ರೆ ಹೋದ ತಿಂಗಳು ನಮ್ಮನೆ ಜಿರಳೆಗೆ ಹೊಡೆದಿದ್ದು?" ಎಂದರು ಆರಾಧ್ಯರು.

"ಅದೂ ಇದೇ ಸಾರ್."

ವಿಶಾಲು ಕಣ್ಣೊರೆಸಿಕೊಂಡು ಪಕ್ಕಕ್ಕೆ ಸರಿದಳು.

"ಹೊಡಿ ಮಾದಪ್ಪ, ಬುಡಕ್ಕೆ ಚೆನ್ನಾಗಿ ಹೊಡಿ. ಬೆಳಗ್ಗೆಯಿಂದ ಗಿಡಕ್ಕೆ ನೀರೇ ಹಾಕಿಲ್ಲ."