ಎಣ್ಣೆಗಾಯಿ ಮತ್ತು ಕಬಡ್ಡಿ

ಸಭೆಯಲ್ಲಿ ಮೈಕು ಕಂಡರೆ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. ಬ್ಯಾಡಗಿಯಲ್ಲಿ ರಾಜ್ಯಮಟ್ಟದ ಮಹಿಳಾ ಕಬಡ್ಡಿ ಪಂದ್ಯಾವಳಿ ನಡೆಸುವುದೆಂದು ತೀರ್ಮಾನವಾದ ದಿನವೂ ಹಾಗೇ ಆಯಿತು. ಇದರಿಂದ ಊರಿಗೇನು ಲಾಭ ಎಂದು ಯಾರೋ ಕೇಳಿದರು. ನಾನು ಎದ್ದು, ಜನ ಒಂದಾಗುತ್ತಾರೆ, ಮನಸ್ಸು ದೊಡ್ಡದಾಗುತ್ತದೆ, ಆಟಗಾರ್ತಿಯರನ್ನು ಲಾಡ್ಜಿಗೆ ಕಳಿಸದೆ ಮನೆಮನೆಯಲ್ಲಿ ಇಟ್ಟುಕೊಳ್ಳೋಣ ಎಂದುಬಿಟ್ಟೆ. ಚಪ್ಪಾಳೆ ನಿಲ್ಲುವುದರೊಳಗೆ ಮೈಸೂರು ಕಡೆಯ ಹನ್ನೆರಡು ಹುಡುಗಿಯರ ಇಡೀ ತಂಡವನ್ನು ನನ್ನ ಹೆಸರಿಗೇ ಬರೆದುಕೊಂಡಿದ್ದರು.

ನಾನು ಹೇಳಿದ್ದು ಸುಳ್ಳೇನೂ ಆಗಲಿಲ್ಲ. ವರ್ಷಗಳಿಂದ ಬಾಯಿ ತೆರೆದು ಮಲಗಿದ್ದ ಗಟಾರಕ್ಕೆ ಮುಚ್ಚಳ ಬಂತು. ನಮ್ಮೊಡನೆ ಮಾತು ಬಿಟ್ಟಿದ್ದ ಪಕ್ಕದ ಮನೆಯ ಗಂಗಕ್ಕ ನಾಲ್ಕು ಗಾದಿ ತಂದು, "ಹುಡುಗ್ಯಾರು ನೆಲದ ಮ್ಯಾಲ ಮಲಗಬಾರದಂತ ಕೊಡಾಕತ್ತೇನಿ, ನಿಮ್ಮ ಮಾರಿ ನೋಡಿ ಅಲ್ಲ ಮತ್ತ" ಎಂದು ಇಟ್ಟು ಹೋದಳು. ಹೆಣ್ಣುಮಕ್ಕಳಿಗೇಕೆ ಕಬಡ್ಡಿ ಎನ್ನುತ್ತಿದ್ದ ನಮ್ಮ ಅತ್ತೆಯವರು ಮೋಟೆಬೆನ್ನೂರಿನಿಂದ ಬಂದು ದಿನಾ ಮುಂದಿನ ಸಾಲಿನಲ್ಲೇ ಕೂರತೊಡಗಿದರು. ಒಂದೇ ತೊಡಕೆಂದರೆ ನನ್ನ ಮಗಳು ಶಿಲ್ಪಾ ಬ್ಯಾಡಗಿ ತಂಡದಲ್ಲಿದ್ದಳು. ಸೆಮಿಫೈನಲ್‌ನಲ್ಲಿ ಅವಳಿಗೆ ಎದುರಾದವರು ನಮ್ಮ ಮನೆಯ ಅತಿಥಿಗಳೇ. ಗೆದ್ದವರು ಹಾವೇರಿಯಲ್ಲಿ ಫೈನಲ್ ಆಡಬೇಕು. ಅವಳು ಎರಡು ವರ್ಷ ಮೊಣಕಾಲು ತರಚಿಕೊಂಡದ್ದು ಅದಕ್ಕಾಗಿಯೇ.

ಪಂದ್ಯದ ಹಿಂದಿನ ದಿನ ನನ್ನ ಹೆಂಡತಿ ಸರೋಜಾ ಬೆಳಗಿನಿಂದ ಒಲೆ ಮುಂದೆ ನಿಂತು ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು. ತಟ್ಟೆ ತುಂಬ ಕೆಂಪೋ ಕೆಂಪು. ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಇದು ಇಲ್ಲಿ ಮಕ್ಕಳಿಗೂ ಗೊತ್ತು. ಮೈಸೂರಿನವರಿಗೆ ಗೊತ್ತಿರಲಿಲ್ಲ. "ಅಂಕಲ್, ತುಂಬಾ ಖಾರನಾ?" ಎಂದು ಅವರ ಕ್ಯಾಪ್ಟನ್ ಮೆಲ್ಲಗೆ ಕೇಳಿದಳು. ಇಲ್ಲವ್ವಾ, ತಿನ್ನು ಎನ್ನಬೇಕಿತ್ತು. ಅಷ್ಟರಲ್ಲಿ ಶಿಲ್ಪಾಳ ಮೊಣಕಾಲು ನೆನಪಾಯಿತು. "ನಮಗೇನೋ ರೂಢಿ ಐತಿ. ಹೋದ ವರ್ಷ ಬೆಂಗಳೂರಿನವರೊಬ್ಬರು ಇದನ್ನ ತಿಂದು ಎರಡು ದಿನ ಹಾಸಿಗಿ ಬಿಟ್ಟು ಎದ್ದಿರಲಿಲ್ಲ" ಎಂದೆ. ಹನ್ನೆರಡು ಕೈಗಳು ಒಟ್ಟಿಗೇ ಹಿಂದೆ ಸರಿದವು. ಮೊಸರನ್ನ, ಬಾಳೆಹಣ್ಣು ತಿಂದು ಎದ್ದರು. ಒಳಗಿನಿಂದ ಬಿಸಿ ರೊಟ್ಟಿ ತಂದ ಸರೋಜಾ, "ಯಾಕ್ರವ್ವಾ, ನನ್ನ ಅಡಿಗಿ ಸೇರಲಿಲ್ಲೇನು?" ಎಂದು ಮುಖ ಸಣ್ಣದು ಮಾಡಿಕೊಂಡಳು. ನನಗೆ ನಾಚಿಕೆಯಾಯಿತು. ಆದರೂ ನಿಜ ಹೇಳಲಿಲ್ಲ; ಮರುದಿನವೂ ಹುಡುಗಿಯರು ಮೊಸರನ್ನ ತಿಂದೇ ಆಟಕ್ಕೆ ಹೋದರು.

ಅತ್ತ ನಮ್ಮೂರ ತಂಡಕ್ಕೆ ಊರೇ ನಿಂತು ಉಣಿಸುತ್ತಿತ್ತು. ಪಂದ್ಯದ ದಿನ ಮಧ್ಯಾಹ್ನವೂ ಹೋಳಿಗೆ, ಅದರ ಮೇಲೆ ತುಪ್ಪ, "ಗೆಲ್ಲೂ ಹುಡುಗ್ಯಾರು ನೀವು, ಇನ್ನೊಂದು ತಿನ್ರಿ" ಎಂಬ ಒತ್ತಾಯ. ನಾನೂ ನಿಂತು ಬಡಿಸಿದೆ. ಸಂಜೆ ಆಟ ಶುರುವಾದ ಹತ್ತು ನಿಮಿಷಕ್ಕೆ ನಮ್ಮವರು ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತಿದ್ದರು; ಮೈಸೂರಿನವರು ಜಿಂಕೆಗಳ ಹಾಗೆ ಹಾರಾಡುತ್ತಿದ್ದರು. ಕೊನೆಯ ರೈಡಿಗೆ ಹೋದ ಶಿಲ್ಪಾ ಗೆರೆ ಮುಟ್ಟಲು ಒಂದು ಗೇಣು ಇರುವಾಗ ಸಿಕ್ಕಿಬಿದ್ದಳು. ಎರಡು ಪಾಯಿಂಟಿನಿಂದ ಸೋತೆವು.

ಆಟ ಮುಗಿದ ಮೇಲೆ ಅವರ ಕೋಚ್ ಮೇಡಂ ಮೈಕು ಹಿಡಿದರು. "ಮ್ಯಾಚಿಗೆ ಮುಂಚೆ ಎಣ್ಣೆ ಪದಾರ್ಥ ಬೇಡ ಅಂತ ನಾನು ಬಾಯಿ ಬಡ್ಕೊಂಡ್ರೂ ನಮ್ಮ ಹುಡುಗೀರು ಕೇಳಲ್ಲ. ಈ ಅಂಕಲ್ ಖಾರ ಖಾರ ಅಂತ ಹೆದರ್ಸಿ ಬರೀ ಮೊಸರನ್ನ ತಿನ್ನಿಸಿದ್ರು. ಈ ಗೆಲುವು ಅವರದ್ದೇ" ಎಂದು ನನ್ನನ್ನು ಕರೆದು ಶಾಲು ಹೊದಿಸಿದರು. ಊರವರು ಯಾರೂ ಚಪ್ಪಾಳೆ ತಟ್ಟಲಿಲ್ಲ. ಸರೋಜಾ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ಶಿಲ್ಪಾ ಹತ್ತಿರ ಬಂದು, "ಅಪ್ಪಾ, ನೀ ಯಾರ ಕಡೆ ಇದ್ದಿ?" ಎಂದಳು. ಅವರ ಕಡೆ ಎಂದರೆ ಹೆತ್ತ ಮಗಳನ್ನು ಸೋಲಿಸಿದವನಾಗುತ್ತೇನೆ. ನಿನ್ನ ಕಡೆ ಎಂದರೆ ಮನೆಗೆ ಬಂದ ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟವನಾಗುತ್ತೇನೆ. ಬೇರೆ ದಾರಿ ಕಾಣದೆ, "ನಿನ್ನ ಕಡೆನ ಇದ್ದೆನವ್ವಾ. ಅದಕ್ಕ ಅವರಿಗೆ ಸುಳ್ಳು ಹೇಳಿದೆ" ಎಂದು ಒಪ್ಪಿಕೊಂಡೆ.

ಅವಳು ಮೊಣಕಾಲಿನ ಮಣ್ಣು ಒರೆಸಿಕೊಳ್ಳುತ್ತ, "ಖರೇ ಹೇಳಿದ್ದಿದ್ರ ಅವರು ಹೊಟ್ಟಿತುಂಬ ಎಣ್ಣೆಗಾಯಿ ಉಣ್ತಿದ್ರು, ನಾವು ಗೆಲ್ತಿದ್ವಿ" ಎಂದಳು. ನಾನು ಹೊದ್ದಿದ್ದ ಶಾಲು ತೆಗೆದು, ಮಣ್ಣು ಒರೆಸಿಕೊಳ್ಳಲು ಅವಳ ಕೈಗೆ ಕೊಟ್ಟೆ.