ಹೊಸ ಕಂಪ್ಯೂಟರಿಗೆ ಹೆದರಿದ ಕಂಪ್ಯೂಟರ್ ಸರ್

ಊರಲ್ಲಿ ಜಾಣ ಅನ್ನಿಸಿಕೊಳ್ಳಲು ಬಹಳ ಓದಬೇಕಾಗಿಲ್ಲ. ಉಳಿದವರು ಮುಟ್ಟಲು ಹೆದರುವ ಒಂದು ವಸ್ತುವನ್ನು ನಾವು ಧೈರ್ಯವಾಗಿ ಮುಟ್ಟಿದರೆ ಸಾಕು. ಮುದ್ದೇಬಿಹಾಳದ ನಮ್ಮ ಹೈಸ್ಕೂಲಿಗೆ ತೊಂಬತ್ತರ ದಶಕದ ಕೊನೆಗೆ ಕಂಪ್ಯೂಟರ್ ಬಂದಾಗ ಹಾಗೆ ಮುಟ್ಟಿದವನು ನಾನು. ಅಂದಿನಿಂದ ನನ್ನ ಸಮಾಜ ವಿಜ್ಞಾನ ಹಿಂದೆ ಸರಿದು 'ಕಂಪ್ಯೂಟರ್ ಸರ್' ಎಂಬ ಬಿರುದು ಮುಂದೆ ಬಂತು. ಬಜಾರಿನ ಚಹಾದಂಗಡಿಯವನೂ ಹಾಗೇ ಕರೆದು, ನನ್ನ ಕಪ್ಪಿಗೆ ಒಂದು ಗುಟುಕು ಹೆಚ್ಚಿಗೆ ಸುರಿಯುತ್ತಿದ್ದ. ನಿಜ ಹೇಳಬೇಕೆಂದರೆ ನನಗೆ ಕಂಪ್ಯೂಟರ್ ಬರುತ್ತಿರಲಿಲ್ಲ. ಆ ಒಂದು ಕಂಪ್ಯೂಟರ್ ಬರುತ್ತಿತ್ತು. ಪರದೆಯಲ್ಲಿ ಮೇಲಿನಿಂದ ಮೂರನೆಯ ಚಿತ್ರ ಒತ್ತಿದರೆ ಪ್ರಶ್ನೆಪತ್ರಿಕೆ ಬರೆಯುವ ಜಾಗ, ಅದರ ಕೆಳಗಿನದನ್ನು ಒತ್ತಿದರೆ ಇಸ್ಪೀಟು. ನನ್ನ ವಿದ್ಯೆಯೆಲ್ಲ ಅಷ್ಟೇ.

ಐದಾರು ವರ್ಷದ ಮೇಲೆ ಹೊಸ ಸಿಸ್ಟಮ್ ತುಂಬಿದ ಹೊಸ ಕಂಪ್ಯೂಟರ್ ಬಂತು. ಜೋಡಿಸಲು ಬಿಜಾಪುರದಿಂದ ಬಂದವನು ಚಾಲೂ ಮಾಡಿ ತೋರಿಸಿದ. ಪರದೆ ತುಂಬ ನೀಲಿ ಆಕಾಶ, ಹಸಿರು ಗುಡ್ಡ. ಮುಳವಾಡ ಏತ ನೀರಾವರಿಯ ನೀರು ಮೊದಲು ಇಲ್ಲಿಗೇ ಬಂದ ಹಾಗಿದೆಯಲ್ಲ ಎಂದು ಹೆಡ್‌ಮಾಸ್ತರರು ಹಿಗ್ಗಿದರು. ನನ್ನ ಕಣ್ಣು ಗುಡ್ಡದ ಮೇಲಿರಲಿಲ್ಲ. ನನ್ನ ಚಿತ್ರಗಳೆಲ್ಲ ಮಾಯವಾಗಿ, ಮೂಲೆಯಲ್ಲಿ ಕಸದ ಬುಟ್ಟಿಯ ಚಿತ್ರವೊಂದೇ ಉಳಿದಿತ್ತು, ಬಾಡಿಗೆಯವರು ಮನೆ ಖಾಲಿ ಮಾಡಿಕೊಂಡು ಹೋದ ಹಾಗೆ. ಅಂದೇ ಅದಕ್ಕೆ ಬಟ್ಟೆ ಹೊದಿಸಿ ಹಳೆಯದರ ಮುಂದೆ ಕೂತೆ. ಹೆಡ್‌ಮಾಸ್ತರರು ಕೇಳಿದಾಗಲೆಲ್ಲ ಒಂದೊಂದು ಕಾರಣ ಕೊಟ್ಟೆ. ಅಮಾವಾಸ್ಯೆ ಮುಗಿಯಲಿ, ಕರೆಂಟು ನೆಟ್ಟಗಾಗಲಿ, ಖಂಡೆನವಮಿಗೆ ಆಯುಧಪೂಜೆ ಮಾಡಿಯೇ ಶುರುಮಾಡೋಣ. ಖಂಡೆನವಮಿಯೂ ಬಂತು. ಪರದೆಗೆ ವಿಭೂತಿ ಹಚ್ಚಿ, ಚೆಂಡುಹೂ ಏರಿಸಿ, ಕಾಯಿ ಒಡೆದು ಮತ್ತೆ ಬಟ್ಟೆ ಹೊದಿಸಿದೆ.

"ಸರ, ಇದನ್ನ ಬರೇ ಪೂಜಾ ಮಾಡಾಕ ತಂದೇವೇನ್ರಿ?" ಎಂದರು ಹೆಡ್‌ಮಾಸ್ತರರು. ಹೊಸದರ ಮುಂದೆ ನಾನೂ ಎಲ್ಲರಂತೆ ದಡ್ಡನೇ, ಅದು ಗೊತ್ತಾದರೆ ನನ್ನ ಬಿರುದು ಹೋಗುತ್ತದೆ ಎಂದು ಅವರಿಗೆ ಹೇಗೆ ಹೇಳಲಿ?

ಕೊನೆಗೆ ನನ್ನನ್ನು ಸಿಕ್ಕಿಸಿದವರು ಹೊಲಿಗೆ ಕಲಿಸುವ ಕಸ್ತೂರಿ ಅಕ್ಕೋರು. ಅವರಿಗೆ ನಿವೃತ್ತಿ ಹತ್ತಿರವಿತ್ತು, ಅಷ್ಟರೊಳಗೆ ಕಂಪ್ಯೂಟರ್ ಕಲಿಯುವ ಹಂಬಲ. ಹೊಸದರಲ್ಲೇ ಕಲಿಸಿರೆಂದು ಹೆಡ್‌ಮಾಸ್ತರರ ಎದುರಿಗೇ ಕೇಳಿಬಿಟ್ಟರು. ಬರುವುದಿಲ್ಲ ಎನ್ನಲಾಗದೆ ಕೂತೆ. ದನ ಕಳಕೊಂಡವನಂತೆ ಆ ಹಸಿರು ಗುಡ್ಡದ ತುಂಬ ಮೌಸ್ ಅಲೆದಾಡಿಸಿದೆ. ಅಕ್ಕೋರು ಸ್ವಲ್ಪ ಹೊತ್ತು ನೋಡಿ, ಮೌಸನ್ನು ತಮ್ಮ ಕೈಗೆ ತೆಗೆದುಕೊಂಡು ಕಂಡದ್ದನ್ನೆಲ್ಲ ಒತ್ತತೊಡಗಿದರು. ಏನೋ ತೆರೆಯಿತು, ಏನೋ ಮುಚ್ಚಿತು. ತಪ್ಪಾದೀತು ಎಂದು ನಾನು ಗಾಬರಿಯಾದೆ.

"ತಪ್ಪಿದರ ತಪ್ಪಲಿರಿ ಸರ. ಬಿಚ್ಚಿ ಮತ್ತ ಹೊಲದರಾತು," ಎಂದರು.

ಸೇವೆಯುದ್ದಕ್ಕೂ ಹುಡುಗಿಯರ ಸೊಟ್ಟ ಹೊಲಿಗೆಯನ್ನು ಬೈಯದೆ ಬಿಚ್ಚಿಸಿ, ಮತ್ತೆ ಹೊಲಿಸಿದವರು ಅವರು. ಅವರಿಗೆ ತಪ್ಪೆಂದರೆ ಕೆಲಸದ ಒಂದು ಭಾಗ. ನನಗೋ ಮಾನ ಹೋಗುವ ಸಂಗತಿ. ಪ್ರಶ್ನೆಪತ್ರಿಕೆ ಬರೆಯುವ ಜಾಗವನ್ನು ಅವರೇ ಹುಡುಕಿದರು. ಅವತ್ತು ಅವರ ಮೇಲೆ ಹುಟ್ಟಿದ ಗೌರವ ಇವತ್ತಿಗೂ ಇಳಿದಿಲ್ಲ. ಅಷ್ಟರಲ್ಲಿ ಹೆಡ್‌ಮಾಸ್ತರರು ಒಳಗೆ ಬಂದು, ಮೌಸ್ ಅಕ್ಕೋರ ಕೈಯಲ್ಲಿರುವುದನ್ನು ನೋಡಿ, ಯಾರು ಯಾರಿಗೆ ಕಲಿಸುತ್ತಿದ್ದೀರಿ ಎಂದು ಕೇಳಿದರು.

ಅಕ್ಕೋರು ಪರದೆಯಿಂದ ಕಣ್ಣೆತ್ತಲಿಲ್ಲ. "ಸರ ಭಾಳ ಛಲೋ ಕಲಸ್ತಾರ್ರಿ. ತಾವು ಕೈ ಹಚ್ಚಂಗಿಲ್ಲ, ಎಲ್ಲಾ ನಮ್ಮ ಕೈಲೇ ಮಾಡಸ್ತಾರ."

ಹೆಡ್‌ಮಾಸ್ತರರು ನಂಬಿಬಿಟ್ಟರು. ಹಾಗಾದರೆ ಎಲ್ಲ ಶಿಕ್ಷಕರಿಗೂ ನಾನೇ ಕಲಿಸಬೇಕೆಂದು ಅಪ್ಪಣೆಯಾಯಿತು. ದಿನಾ ಪಾಠಕ್ಕೆ ಮುಂಚೆ ಹೊಲಿಗೆ ಕೋಣೆಗೆ ಹೋಗಿ, ಅಕ್ಕೋರಿಂದ ಅವತ್ತಿನ ಪಾಠವನ್ನು ಹೇಳಿಸಿಕೊಂಡು ಬರುತ್ತಿದ್ದೆ. ಬಿರುದು ಉಳಿಯಿತು. ಅಕ್ಕೋರು ಈಗ ನಿವೃತ್ತರಾಗಿ ಮನಗೂಳಿಯಲ್ಲಿ ತಮ್ಮನ ಮನೆಯಲ್ಲಿದ್ದಾರೆ. ಮೊನ್ನೆ ಹೆಡ್‌ಮಾಸ್ತರರು, ಇನ್ನೊಂದು ಹೊಸ ಸಿಸ್ಟಮ್ ಬರುತ್ತದಂತೆ, ನೀವಿದ್ದೀರಲ್ಲ, ನಮಗೇನು ಚಿಂತೆ ಎಂದರು. ಏನೂ ಚಿಂತೆಯಿಲ್ಲ ಎಂದು ನಾನೂ ಅಂದೆ. ಅಂದವನು ನೆಟ್ಟಗೆ ಬಸ್ ಸ್ಟ್ಯಾಂಡಿಗೆ ಹೋಗಿ, ಮನಗೂಳಿಗೆ ಮೊದಲನೆಯ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿಕೊಂಡು ಬಂದೆ.