ಅಪಾಯದ ಪುಟ ಬರೆಯುವ ನಮ್ಮ ಮಾವ

ನಮ್ಮ ಸೋದರಮಾವನ ಮನೆಯಲ್ಲಿ ಊಟ ಮಾಡುವುದಕ್ಕಿಂತ ಷೇರು ಪೇಟೆಯಲ್ಲಿ ಹಣ ಹಾಕುವುದು ಸಲೀಸು. ಷೇರಿನ ಕಾಗದಗಳಲ್ಲಿ ಅಪಾಯಗಳನ್ನು ಇರುವೆಯಂಥ ಅಕ್ಷರಗಳಲ್ಲಿ ಅಚ್ಚು ಹಾಕಿರುತ್ತಾರೆ. ಓದದೆ ಸಹಿ ಹಾಕಿ ನೆಮ್ಮದಿಯಾಗಿ ಮಲಗಬಹುದು. ಮಾವನ ಮನೆಯಲ್ಲಿ ಆ ಸೌಕರ್ಯವಿಲ್ಲ! ತಾಟಿನ ಮುಂದೆ ಕೂತ ಕೂಡಲೇ ಅವರು ಗಂಟಲು ಸರಿಮಾಡಿಕೊಂಡು ಶುರು ಮಾಡುತ್ತಾರೆ.

“ಬದನಿಕಾಯಿ ಪಲ್ಲೆದಾಗ ಖಾರ ಜಾಸ್ತಿ ಬಿದ್ದೈತಿ. ರೊಟ್ಟಿ ನಿನ್ನೀವು. ಮಸರು ಹುಳಿ ಬಂದೈತಿ, ಆದ್ರ ತಿನ್ನಾಕ ಬರತೈತಿ. ಎಲ್ಲಾ ಹೇಳೇನಿ. ಇನ್ನ ನಿರ್ಧಾರ ನಿಂದು.”

ಅಡುಗೆಮನೆಯ ಬಾಗಿಲಲ್ಲಿ ನಿಂತ ಅತ್ತೆ ಬಿಡುವವರಲ್ಲ. “ಈ ಮನ್ಯಾಗಿನ ದೊಡ್ಡ ರಿಸ್ಕ್ ಒಂದು ಹೇಳೂದ ಮರತ್ರಿ ನೋಡ್ರಿ. ಅದು ನನ್ನ ಎದುರಿಗೇ ಕುಂತೈತಿ.”

ಮಾವ ರಬಕವಿಯವರು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ನಾನಿರುವುದು ಜಮಖಂಡಿಯಲ್ಲಿ, ಆದರೆ ತಿಂಗಳಿಗೊಮ್ಮೆಯಾದರೂ ಆ ಅಪಾಯದ ಊಟಕ್ಕೆ ಹೋಗದಿದ್ದರೆ ನನಗೆ ಸಮಾಧಾನವಿಲ್ಲ. ಇಲ್ಲಿ ಹೇಳುವುದೆಲ್ಲ ಹೀಗೆಯೇ ನಡೆಯಿತೇ ಎಂದು ಕೇಳಿದರೆ ಮಾತ್ರ ಎದೆ ತಟ್ಟಿ ಹೇಳಲಾರೆ. ಯಾರ ಮಾತನ್ನೂ ಆಧಾರವಿಲ್ಲದೆ ನಂಬಬಾರದು ಎಂದು ವಿಶ್ವವಿದ್ಯಾಲಯ ನನಗೆ ಕಲಿಸಿತು. ನನ್ನ ನೆನಪನ್ನೂ ಆಧಾರ ಕೇಳಿ ಕೇಳಿ ಹೆದರಿಸಿಬಿಟ್ಟಿದ್ದೇನೆ. ಪಾಪ, ಅದೀಗ ನನ್ನ ಮುಂದೆ ಬಾಯಿ ಬಿಡಲು ಅನುಮಾನಿಸುತ್ತದೆ.

ಮಾವ ತಮ್ಮ ಹಳೆಯ ಸ್ಕೂಟರ್ ಮಾರಲು ಹೊರಟ ಪ್ರಸಂಗವಂತೂ ಖಾತ್ರಿ, ಯಾಕೆಂದರೆ ಗಿರಾಕಿಯನ್ನು ಮುಧೋಳದಿಂದ ಕರೆತಂದವನೇ ನಾನು. (ಸ್ಕೂಟರ್ ನೀಲಿಯೋ ಹಸಿರೋ ಎಂಬುದರಲ್ಲಿ ಮಾತ್ರ ನನಗೂ ಹೆಂಡತಿಗೂ ಇಂದಿಗೂ ಜಗಳವಿದೆ.) ಗಿರಾಕಿ ಗಾಡಿಯನ್ನು ಮುಟ್ಟುವ ಮೊದಲೇ ಮಾವ ಅವನ ಕೈಗೆ ಒಂದು ಹಾಳೆ ಕೊಟ್ಟರು. ಅದರಲ್ಲಿ ಹನ್ನೊಂದು ದೋಷಗಳು, ದುಂಡು ಅಕ್ಷರದಲ್ಲಿ, ಅನುಕ್ರಮವಾಗಿ! ಬ್ರೇಕು ಎಷ್ಟು ದೂರಕ್ಕೆ ಹಿಡಿಯುತ್ತದೆ, ಕಿಕ್ಕರ್ ಯಾವ ಹವೆಯಲ್ಲಿ ಮುನಿಸಿಕೊಳ್ಳುತ್ತದೆ, ಎಲ್ಲವೂ ಇತ್ತು. ಅವನು ಎರಡು ಸಲ ಓದಿ, ನನ್ನನ್ನು ಬೇವಿನ ಗಿಡದ ಹಿಂದಕ್ಕೆ ಕರೆದುಕೊಂಡು ಹೋಗಿ, ಬರೆದದ್ದೇ ಇಷ್ಟಿದ್ದರೆ ಬರೆಯದೆ ಬಿಟ್ಟಿದ್ದು ಎಷ್ಟಿರಬೇಕು ಎಂದು ಕೇಳಿ, ಬಂದ ಬಸ್ಸಿಗೇ ಹೋಗಿಬಿಟ್ಟ. ವಾರದ ಮೇಲೆ ಅವನದೇ ಫೋನು. ಬೀಳಗಿಯಲ್ಲಿ ಯಾರೋ ಒಂದೂ ದೋಷವಿಲ್ಲವೆಂದು ಆಣೆ ಮಾಡಿ ಮಾರಿದ ಸ್ಕೂಟರನ್ನು ಅರ್ಧ ದಾರಿಯಿಂದ ತಳ್ಳಿಕೊಂಡು ಬಂದನಂತೆ. “ನಿಮ್ಮ ಮಾವನವರು ಬರದ ಹನ್ನೊಂದೂ ಇದರಾಗ ಅದಾವ್ರಿ. ಪಟ್ಟಿ ಒಂದ ಇಲ್ಲ ನೋಡ್ರಿ” ಎಂದ.

ನಾನು ನಗಬೇಕಿತ್ತು. ಆದರೆ ನನಗೆ ನಿದ್ದೆ ಹಾರಿಹೋಯಿತು, ಯಾಕೆಂದರೆ ಆಗ ನಾನು ಧಾರವಾಡದಲ್ಲಿ ಇದೇ ವಿಷಯದ ಮೇಲೆ ಸಂಶೋಧನೆ ಮಾಡುತ್ತಿದ್ದೆ! ಯಾವ ಕಂಪನಿ ತನ್ನ ಅಪಾಯಗಳನ್ನು ವಾರ್ಷಿಕ ವರದಿಯಲ್ಲಿ ಬಿಚ್ಚಿ ಹೇಳುತ್ತದೆ, ಯಾವುದು ಮುಚ್ಚಿಡುತ್ತದೆ? ಕಂಪನಿ ದೊಡ್ಡದಾದಷ್ಟೂ ಹೆಚ್ಚು ಹೇಳುತ್ತದೆಯೇ? ಒಂದೇ ಮನೆತನದ ಕೈಯಲ್ಲಿದ್ದರೆ ಬಾಯಿ ಬಿಗಿಯುತ್ತದೆಯೇ? ಆಡಳಿತ ಮಂಡಳಿಯಲ್ಲಿ ಹೊರಗಿನವನೊಬ್ಬ ಕೂತರೆ ಏನಾಗುತ್ತದೆ? ವರದಿಗಳ ರಾಶಿ ಹಾಕಿಕೊಂಡು ಅಪಾಯದ ವಾಕ್ಯಗಳನ್ನು ಒಂದೊಂದಾಗಿ ಎಣಿಸುವುದು ನನ್ನ ಕೆಲಸ. ಕಾಯಿದೆಗೆ ಹೆದರಿ ಬರೆದದ್ದೂ ಒಂದು ವಾಕ್ಯ, ಮನಸ್ಸಿನಿಂದ ಬರೆದದ್ದೂ ಒಂದು ವಾಕ್ಯ. ಕೊನೆಗೆ ನನ್ನ ತೀರ್ಮಾನ ಏನಿತ್ತೆಂದು ಕೇಳಬೇಡಿ. ಪ್ರಬಂಧದ ದಪ್ಪ ಮಾತ್ರ ನೆನಪಿದೆ.

ಇಂಥ ಹೊತ್ತಿನಲ್ಲಿ ಮಾವನೇ ಒಂದು ಕಂಪನಿಯ ನಿರ್ದೇಶಕರಾಗಿಬಿಟ್ಟರು!

ಅದು ಮೂವರು ಅಣ್ಣತಮ್ಮಂದಿರ ಸೀರೆ ಕಂಪನಿ. ರಬಕವಿ ಬನಹಟ್ಟಿಯಲ್ಲಿ ಪವರ್‌ಲೂಮ್ ಶೆಡ್ಡುಗಳು, ನೇಕಾರರ ಮನೆಗಳಲ್ಲೂ ನಾಲ್ಕಾರು ಷೇರುಗಳು. ಮಂಡಳಿಯಲ್ಲಿ ಮನೆಯವರೇ ಇದ್ದರೆ ಚೆನ್ನಾಗಿ ಕಾಣುವುದಿಲ್ಲ, ಹೊರಗಿನವರೊಬ್ಬರನ್ನು ಕೂರಿಸಿ ಎಂದು ಲೆಕ್ಕ ತಪಾಸಣೆಯವರು ಸಲಹೆ ಕೊಟ್ಟರಂತೆ. ಅಣ್ಣತಮ್ಮಂದಿರು ಊರೆಲ್ಲ ಹುಡುಕಿ ಮಾವನನ್ನು ಆರಿಸಿದರು. ಮದುವೆ, ಸಭೆಗಳಲ್ಲಿ ಯಾರು ಏನು ಹೇಳಿದರೂ ಮಾವ ತಲೆಯಾಡಿಸುವುದನ್ನು ಅವರು ನೋಡಿದ್ದರು. ಆದರೆ ಪಾಪ, ಅವರಲ್ಲಿ ಯಾರೂ ಮಾವನ ಮನೆಯಲ್ಲಿ ಊಟ ಮಾಡಿರಲಿಲ್ಲ!

ಆ ಕುರ್ಚಿ ಮಾವನಿಗೆ ಮರುಜನ್ಮ ಕೊಟ್ಟಿತು. ನಿವೃತ್ತಿಯಾದ ಮೇಲೆ ಎರಡು ವರ್ಷ ಅವರು ಬಸ್ ನಿಲ್ದಾಣದಲ್ಲಿ ಕೂತು, ತೇರದಾಳದ ಬಸ್ಸು ದಿನಕ್ಕೆ ಎಷ್ಟು ನಿಮಿಷ ತಡ ಎಂದು ವಹಿಯಲ್ಲಿ ಬರೆಯುತ್ತಿದ್ದರು. ಯಾರೂ ಕೇಳಿರಲಿಲ್ಲ, ಯಾರೂ ಓದಲೂ ಇಲ್ಲ. ಮಂಡಳಿಗೆ ಸೇರಿದ್ದೇ ತಡ, ಮೀಟಿಂಗಿನ ದಿನ ಇಸ್ತ್ರಿಯ ಬಿಳಿ ಅಂಗಿ, ಬಗಲಲ್ಲಿ ಚೀಲ, ನಾಲ್ಕು ಓಣಿ ಆಚೆಯ ಆಫೀಸಿಗೆ ಒಂದು ತಾಸು ಮೊದಲೇ ಹೊರಡುವ ಸಡಗರ! ತನ್ನ ಮದುವೆಗೂ ಈ ಮನುಷ್ಯ ಇಷ್ಟು ಬೇಗ ಬಂದಿರಲಿಲ್ಲ ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು.

ಮೊದಲ ಮೀಟಿಂಗಿನಲ್ಲೇ ಬಾಂಬು ಸಿಡಿಯಿತು. ಮಾವ ಹಳೆಯ ವಾರ್ಷಿಕ ವರದಿಯನ್ನು ಮೊದಲಿಂದ ಕೊನೆಯವರೆಗೆ ಓದಿಕೊಂಡು ಹೋಗಿದ್ದರು. ಆ ಕಂಪನಿಯ ಚರಿತ್ರೆಯಲ್ಲಿ ಹಾಗೆ ಓದಿದವರು ಅವರೇ ಮೊದಲಿಗರು. ಅಪಾಯಗಳು ಎಂಬ ಪುಟದಲ್ಲಿ, ಚಂಡಮಾರುತ ಬಂದರೆ ಬಂದರಿನಲ್ಲಿ ನಿಂತ ನಮ್ಮ ಹಡಗುಗಳಿಗೆ ಹಾನಿಯಾದೀತು ಎಂದು ಬರೆದಿತ್ತು! ಯಾವುದೋ ಕಡಲತೀರದ ಕಂಪನಿಯ ವರದಿಯಿಂದ ಗುಮಾಸ್ತರು ನಕಲು ಮಾಡಿದ್ದರು. ವರ್ಷ ವರ್ಷ ಅದೇ ಅಚ್ಚಾಗುತ್ತಿತ್ತು, ಎಲ್ಲರೂ ಸಹಿ ಹಾಕುತ್ತಿದ್ದರು. “ನಮ್ಮ ಹಡಗಾ ಎಲ್ಲಿ ಕಟ್ಟೇವ್ರಿ, ಸಾವಕಾರ್ರ? ಹೊಳಿ ದಂಡ್ಯಾಗ ನನಗ ಕಂಡಿಲ್ಲ” ಎಂದು ಮಾವ ಅತ್ಯಂತ ವಿನಯದಿಂದ ಕೇಳಿದರಂತೆ. ಅವತ್ತೇ ಆ ಪುಟ ಬರೆಯುವ ಕೆಲಸ ಅವರ ಕೊರಳಿಗೆ ಬಿತ್ತು.

ಅಲ್ಲಿಂದ ಮುಂದೆ ನೋಡಬೇಕು! ಮಾವ ಶೆಡ್ಡು ಶೆಡ್ಡು ಸುತ್ತಿದರು. ಕಂಪ್ಯೂಟರಿನ ಪಾಸ್‌ವರ್ಡು ಗುಮಾಸ್ತರೊಬ್ಬರಿಗೇ ಗೊತ್ತು, ಅವರು ಸೋದರಳಿಯನ ಬೈಕಿನಲ್ಲಿ ಓಡಾಡುತ್ತಾರೆ, ಸೋದರಳಿಯನ ಬೈಕು ಹೊಡೆಯುವ ರೀತಿ ಸರಿಯಿಲ್ಲ ಎಂದು ಬರೆದರು. ನೂಲಿನ ಗೋದಾಮು ಹೊಳೆಯ ಕಡೆಗಿದೆ ಎಂದು ಬರೆದರು. ಮೂವರು ಅಣ್ಣತಮ್ಮಂದಿರೂ ವ್ಯಾಪಾರಕ್ಕೆ ಒಂದೇ ಕಾರಿನಲ್ಲಿ ಹೋಗುತ್ತಾರೆ, ಏನಾದರೂ ಆದರೆ ಕಂಪನಿಗೆ ಗತಿ ಯಾರು ಎಂದೂ ಬರೆದರು. ಇದನ್ನು ಓದಿದ ಅವರ ಹೆಂಡಂದಿರು ಮನೆಯಲ್ಲಿ ದೊಡ್ಡ ರಂಪ ಮಾಡಿದ್ದರಿಂದ ಎರಡನೆಯ ಕಾರು ಬಂತು. ಈಗ ಎರಡೂ ಕಾರುಗಳು ಒಂದರ ಬಾಲಕ್ಕೆ ಒಂದು ಅಂಟಿಕೊಂಡಂತೆ ಒಟ್ಟಿಗೇ ಹೋಗುತ್ತವೆ. ಮಾವ ಮರುವರ್ಷದ ವರದಿಯಲ್ಲಿ ಅದನ್ನೂ ಸೇರಿಸಿದರು.

ಹೀಗೆ ಐದು ವರ್ಷ ನಡೆಯಿತು. ಈ ಸಲ ಅವರ ಅವಧಿ ಮುಗಿಯುತ್ತಿತ್ತು. ಮತ್ತೆ ಕೂರಿಸುವುದು ಬಿಡುವುದು ವಾರ್ಷಿಕ ಸಭೆಗೆ ಬಿಟ್ಟದ್ದು; ಅಂದರೆ ಹಿರಿಯ ಅಣ್ಣನಾದ ದೊಡ್ಡ ಸಾಹುಕಾರರಿಗೆ ಬಿಟ್ಟದ್ದು. ಇಂಥ ಹೊತ್ತಿನಲ್ಲಿ ಬುದ್ಧಿವಂತನಾದವನು ಏನು ಮಾಡುತ್ತಾನೆ? ಸುಮ್ಮನಿರುತ್ತಾನೆ. ಮಾವ ಅಪಾಯದ ಪುಟದ ತುದಿಗೆ ಎರಡು ವಾಕ್ಯ ಬರೆದರು: “ಶೆಡ್ಡುಗಳ ಸಪ್ಪಳದಿಂದ ನಮ್ಮ ನೇಕಾರರ ಕಿವಿಗಳು ಕೆಡುತ್ತಿವೆ. ಇದಕ್ಕೆ ಮಂಡಳಿ ಇದುವರೆಗೆ ಏನನ್ನೂ ಮಾಡಿಲ್ಲ.”

ಬನಹಟ್ಟಿಯ ಶೆಡ್ಡಿನೊಳಗೆ ಒಮ್ಮೆ ಕಾಲಿಟ್ಟವರಿಗೆ ಇದನ್ನು ವಿವರಿಸಬೇಕಿಲ್ಲ. ಲಾಳಿಗಳು ಆ ಕಡೆ ಈ ಕಡೆ ಬಡಿಯುವ ಸದ್ದಿಗೆ ಎದೆಯೊಳಗಿನ ಎಲುಬುಗಳು ಕುಣಿಯುತ್ತವೆ. ಅಲ್ಲಿ ದುಡಿದವರು ಮನೆಗೆ ಬಂದು ಪಿಸುಮಾತಾಡಿದರೂ ಪಕ್ಕದ ಓಣಿಗೆ ಕೇಳುತ್ತದೆ. ಎಲ್ಲರಿಗೂ ಗೊತ್ತಿದ್ದ ಸಂಗತಿ, ಆದ್ದರಿಂದಲೇ ಯಾರೂ ಬರೆದಿರಲಿಲ್ಲ.

ದೊಡ್ಡ ಸಾಹುಕಾರರು ಮಾವನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು. “ಮಾಸ್ತರ, ಹಡಗಾ ತಗಸಂದ್ರಿ, ತಗಸಿದಿವಿ. ಕಾರ ಎರಡ ಮಾಡಂದ್ರಿ, ಮಾಡಿದಿವಿ. ಕಿವಿ ಸುದ್ದಿಗೆ ಬರಬ್ಯಾಡ್ರಿ. ಮಗ್ಗ ಇದ್ದಲ್ಲಿ ಸಪ್ಪಳ ಇರೂದ. ಈ ಎರಡ ಸಾಲ ಇರಬೇಕಂದ್ರ, ಕುರ್ಚ್ಯಾಗ ನೀವು ಇರಾಂಗಿಲ್ಲ.”

ಅತ್ತೆ ನನಗೆ ಫೋನು ಮಾಡಿದರು. ಆ ಕುರ್ಚಿ ಹೋದರೆ ಈ ಮನುಷ್ಯ ಮತ್ತೆ ಬಸ್ ನಿಲ್ದಾಣ ಸೇರುತ್ತಾರೆ, ಈ ವಯಸ್ಸಿನಲ್ಲಿ ಮತ್ತೆ ಮೇಲೇಳುವುದಿಲ್ಲ, ನೀನು ಓದಿದವನು ಬಂದು ತಿಳಿಹೇಳು ಎಂದರು. ಅವರ ದನಿಯಲ್ಲಿ ಎಂದಿನ ಚೇಷ್ಟೆ ಇರಲಿಲ್ಲ. ನಾನು ಹೋಗಿ ನನ್ನ ಪಾಂಡಿತ್ಯವನ್ನೆಲ್ಲ ಸುರಿದೆ. ಎರಡನೆಯ ವಾಕ್ಯ ತೆಗೆಯಿರಿ, ಮೊದಲನೆಯದನ್ನು ಮೆತ್ತಗೆ ಮಾಡಿ, ‘ಉದ್ಯಮಕ್ಕೆ ಸಹಜವಾದ ಕೆಲವು ಅನನುಕೂಲಗಳು’ ಎಂದು ಬರೆಯಿರಿ, ದೊಡ್ಡ ದೊಡ್ಡ ಕಂಪನಿಗಳು ಹಾಗೆಯೇ ಬರೆಯುತ್ತವೆ ಎಂದೆ.

ಮಾವ ನನ್ನತ್ತ ತಿರುಗಿ ಕೇಳಿದರು. “ಅದನ್ನ ಓದಿದವರಿಗೆ ಕಿವಿ ಅಂತ ತಿಳಿತೈತೇನು?”

“ಇಲ್ಲ.”

“ನಿನ್ನ ಎಣಿಕ್ಯಾಗ?”

“ಒಂದು ವಾಕ್ಯ ಅಂತ ಎಣಿಸತೇವಿ, ಮಾಮಾ.”

ವಿಶ್ವವಿದ್ಯಾಲಯದ ಮೌಖಿಕ ಪರೀಕ್ಷೆಯಲ್ಲೂ ನಾನು ಇಷ್ಟು ಬೆವರಿರಲಿಲ್ಲ.

ವರದಿ ಅಚ್ಚಾಗಿ ಬಂತು. ಆ ಎರಡು ವಾಕ್ಯ ಅದರಲ್ಲಿರಲಿಲ್ಲ! ಸಾಹುಕಾರರೇ ಕಾಟು ಹೊಡೆದಿದ್ದರು, ಮಾವ ಜಗಳಾಡಲಿಲ್ಲ. ಅತ್ತೆ ಸಮಾಧಾನದ ಉಸಿರು ಬಿಟ್ಟರು. ನಾನೂ ಬಿಟ್ಟೆ. ಆದರೆ ಮಾವ ಸುಮ್ಮನೆ ಒಪ್ಪಿದ್ದು ನನಗೆ ಸರಿಬರಲಿಲ್ಲ. ಎಲ್ಲವನ್ನೂ ಸಂಶಯಿಸುವ ನಾನು ಸಂಶಯಿಸದೆ ಉಳಿಸಿಕೊಂಡದ್ದು ಇವರೊಬ್ಬರನ್ನೇ ಎಂಬುದು ನನಗೆ ಅವತ್ತು ತಿಳಿಯಿತು.

ವಾರ್ಷಿಕ ಸಭೆ ಕಂಪನಿಯ ಅಂಗಳದಲ್ಲಿ, ಬೆಳಗಿನ ಹೊತ್ತು. ಮಗ್ಗಗಳನ್ನೆಲ್ಲ ನಿಲ್ಲಿಸಿದ್ದರು. ಆ ಮೌನಕ್ಕೆ ಜನರೇ ಕಸಿವಿಸಿಗೊಂಡು ಕೆಮ್ಮುತ್ತಿದ್ದರು. ಷೇರುದಾರರಾದ ನೇಕಾರರು ಜಮಖಾನೆಯ ಮೇಲೆ, ಅತ್ತೆ ಮತ್ತು ನಾನು ಹಿಂದಿನ ಬೆಂಚಿನಲ್ಲಿ. ಎದುರಿಗೆ ನಾಲ್ಕು ಕುರ್ಚಿ: ದೊಡ್ಡ ಸಾಹುಕಾರರು, ಅವರ ಎಡಕ್ಕೆ ತಮ್ಮಂದಿರಿಬ್ಬರು, ಬಲಕ್ಕೆ ಮಾವ. ಲೆಕ್ಕಪತ್ರ ಮುಗಿದು ಮಾವನ ಮರುನೇಮಕದ ವಿಷಯ ಬಂತು. ಕೈ ಎತ್ತಬೇಕು ಎನ್ನುವಷ್ಟರಲ್ಲಿ ಮಾವ ಎದ್ದು ನಿಂತರು.

“ಕೈ ಎತ್ತೂಕಿಂತ ಮೊದಲ ನಿಮಗ ಒಂದು ಗೊತ್ತಿರ್ಲಿ. ಹರೇದಾಗ ನಾನೂ ಇದ ಶೆಡ್ಡಿನ್ಯಾಗ ದುಡದಾಂವ. ಆ ಸಪ್ಪಳಕ್ಕ ಕೆಟ್ಟಕೋತ ಬಂದ ನನ್ನ ಎಡಗಿವಿ ಪೂರ್ತಿ ಸತ್ತು ಎಂಟು ವರ್ಷ ಆತು. ಮೀಟಿಂಗದಾಗ ಎಡಕ್ಕ ಕುಂತವರ ಮಾತು ನನಗ ಅರ್ಧಾ ಕೇಳೂದಿಲ್ಲ. ದೊಡ್ಡ ಸಾವಕಾರ್ರು ಕೈ ಎತ್ತಿದ್ರ ನಾನೂ ಎತ್ತೇನಿ. ಇಂಥಾಂವನ್ನ ಕುಂಡ್ರಸೂದು ಕಂಪನಿಗೆ ರಿಸ್ಕ್ ಐತಿ. ಇದು ವರದ್ಯಾಗ ಇಲ್ಲ, ಅದಕ್ಕ ಬಾಯಿಲೆ ಹೇಳಾಕತ್ತೇನಿ.”

ಹುಳಿ ಮೊಸರನ್ನೂ ಮುಚ್ಚಿಡದ ಮನುಷ್ಯ ಎಂಟು ವರ್ಷ ಇದೊಂದನ್ನು ಮನೆಯಲ್ಲಿ ಹೇಳಿರಲಿಲ್ಲ! ಪಕ್ಕದಲ್ಲಿ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಮೆಲ್ಲಗೆ ಅಂದರು: “ನಾ ಬೈದದ್ದು ಇವರಿಗೆ ಅರ್ಧಾನೂ ಮುಟ್ಟಿಲ್ಲಲ್ಲೋ.”

ದೊಡ್ಡ ಸಾಹುಕಾರರು ಎದ್ದರು. ಮುಗಿಯಿತು, ಕುರ್ಚಿ ಹೋಯಿತು ಎಂದುಕೊಂಡೆ. ಅವರು ಜನರ ಕಡೆ ನೋಡಲಿಲ್ಲ. ಮಾವನ ಕಡೆಗೇ ತಿರುಗಿ ನಿಂತರು.

“ನಾ ಎತ್ತಿದ್ದು ನೋಡಿ ನೀವು ಎತ್ತತಿದ್ರ್ಯಾ? ಮಾಸ್ತರ, ನಾ ನಿಮ್ಮ ಕೈ ನೋಡಿ ಎತ್ತತಿದ್ದೆ.”

ಅಂಗಳವೆಲ್ಲ ನಕ್ಕಿತು. ಐದು ವರ್ಷದ ಸರ್ವಾನುಮತದ ನಿರ್ಣಯಗಳು! ನನ್ನ ದಪ್ಪ ಪ್ರಬಂಧದಲ್ಲಿ ಆಡಳಿತ ಮಂಡಳಿಗಳ ಎಷ್ಟೋ ಗುಣಲಕ್ಷಣಗಳ ಪಟ್ಟಿಯಿತ್ತು. ಕಿವಿಯೊಂದು ಬಿಟ್ಟುಹೋಗಿತ್ತು.

ಸಾಹುಕಾರರು ನಗಲಿಲ್ಲ. ಅವರದು ಸತ್ತದ್ದು ಬಲಗಿವಿಯಂತೆ, ಮಾವ ಕೂರುತ್ತಿದ್ದ ಕಡೆಯದೇ. ಅವರ ತಂದೆ ಮಗನೆಂದು ನೋಡದೆ ಶೆಡ್ಡಿಗೆ ಹಾಕಿದ್ದರು. ಇಪ್ಪತ್ತರ ಹರೆಯದಲ್ಲಿ ಅವರೂ ಮಾವನೂ ಮೂರು ವರ್ಷ ಅಕ್ಕಪಕ್ಕ ನಿಂತು ನೇಯ್ದವರು, ಇಬ್ಬರ ನಡುವೆ ಒಂದು ಮಗ್ಗ. ಆ ಒಂದು ಮಗ್ಗ ಬಲಕ್ಕಿದ್ದವರ ಎಡಗಿವಿಯನ್ನೂ ಎಡಕ್ಕಿದ್ದವರ ಬಲಗಿವಿಯನ್ನೂ ತಿಂದಿತ್ತು. ಅದೇ ರೂಢಿಯಲ್ಲೋ ಏನೋ, ಮಂಡಳಿಯಲ್ಲೂ ಹಾಗೆಯೇ ಕೂತಿದ್ದರು, ಸತ್ತ ಕಿವಿಗೆ ಸತ್ತ ಕಿವಿ ಎದುರು ಮಾಡಿಕೊಂಡು. ಸಾಹುಕಾರರು ಗುಮಾಸ್ತರನ್ನು ಕರೆದು, ಮಾಸ್ತರರ ಎರಡು ಸಾಲನ್ನು ಇಲ್ಲಿರುವ ಪ್ರತಿ ವರದಿಯಲ್ಲೂ ಪೆನ್ನಿನಿಂದ ಬರೆಯಿರಿ, ಕೈ ಎತ್ತುವುದು ಆಮೇಲೆ ಎಂದರು.

ಎಷ್ಟು ಕೈಗಳು ಎದ್ದವು ಎಂದು ನಾನು ಎಣಿಸಲಿಲ್ಲ. ಎಣಿಸುವುದೇ ಕಸುಬಾದವನು ಅವತ್ತು ಮರೆತೆ. ಕಂಡದ್ದು ಇಷ್ಟು: ದೊಡ್ಡ ಸಾಹುಕಾರರು ಮಾವನ ಕುರ್ಚಿಯನ್ನು ತಾವೇ ಎತ್ತಿದರು, ತಮ್ಮಂದಿರನ್ನು ಆಚೆ ಸರಿಸಿ ತಮ್ಮ ಎಡಕ್ಕೆ ತಂದು ಇಟ್ಟರು. ಎತ್ತಿದ್ದು ಕಿರಿಯ ತಮ್ಮ ಎಂದು ಅತ್ತೆ ಹೇಳುತ್ತಾರೆ. ಇರಬಹುದು, ನಾನು ವಾದಿಸುವುದಿಲ್ಲ. ಮಾವ ಕೂತರು. ಸಾಹುಕಾರರು ಅವರ ಬಲಗಿವಿಯ ಕಡೆಗೆ ಬಾಗಿ ಏನೋ ಅಂದರು. ಮಾವ ತಲೆಯಾಡಿಸಲಿಲ್ಲ, ತುಸು ಯೋಚಿಸಿ, ಅವರೂ ಬಾಗಿ ಏನೋ ಉತ್ತರ ಕೊಟ್ಟರು. ಜೀವಮಾನವಿಡೀ ಒದರಿ ಒದರಿ ಮಾತಾಡಿದ ಆ ಇಬ್ಬರು ಮುದುಕರು ಅವತ್ತು ಎಷ್ಟು ಮೆಲ್ಲಗೆ ಮಾತಾಡಿದರೆಂದರೆ, ಮಗ್ಗಗಳೆಲ್ಲ ನಿಂತಿದ್ದರೂ, ನಮಗೆ ಯಾರಿಗೂ ಒಂದಕ್ಷರ ಕೇಳಿಸಲಿಲ್ಲ.